ಬಣ್ಣ ಅಡಗಿದ ನೀರು: ರಸಾಯನಶಾಸ್ತ್ರದ ತರುಣ ಸಂಶೋಧಕರಿಗೆ ಒಂದು ಬಹಿರಂಗ ಪತ್ರ



ನಾಡಿನ ಕಾಲೇಜುಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಇಕ್ಕಟ್ಟಾದ ಪ್ರಯೋಗಶಾಲೆಗಳೊಳಗೆ ಕುಳಿತು, ಜನರು ಬಿಸುಟ ಮೊಬೈಲು, ಕಂಪ್ಯೂಟರು, ದೂರದರ್ಶನ ಪೆಟ್ಟಿಗೆಗಳ ಒಡಲನ್ನು ಬಗೆದು ಲೋಹವನ್ನು ತೆಗೆದು, ಆ ಲೋಹವನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನ್ಯಾನೋ ಕಣಗಳನ್ನಾಗಿ ಮಾರ್ಪಡಿಸಿ, ಆ ಕಣಗಳಿಂದಲೇ ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಗಳ ಕೊಳೆನೀರನ್ನು ಶುದ್ಧಗೊಳಿಸಬೇಕೆಂದು ಹಗಲಿರುಳು ಶ್ರಮಿಸುತ್ತಿರುವ ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಮೂವತ್ತೈದು ವರ್ಷಗಳ ಕಾಲ ಈ ಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು; ಅದಕ್ಕಿಂತ ಮೊದಲು ಇಳಕಲ್ಲಿನ ಬಣ್ಣಗಾರರ ಮನೆಯೊಂದರಲ್ಲಿ ಹುಟ್ಟಿ, ಅಂಗಳದ ಗಟಾರದಲ್ಲಿ ಒಂದು ದಿನ ನೀಲಿ, ಮತ್ತೊಂದು ದಿನ ಕೆಂಪು ಹರಿಯುವುದನ್ನು ನೋಡುತ್ತ ಬೆಳೆದವನು. ಈ ಎರಡು ಬಾಳುಗಳಲ್ಲಿ ಯಾವುದು ನನ್ನಿಂದ ಈ ಪತ್ರವನ್ನು ಬರೆಯಿಸುತ್ತಿದೆಯೆಂದು ಕೇಳಿದರೆ, ಬೋಧಕನ ಬಾಳೇ ಎಂದು ಹೇಳಲಾರೆ.

ಕೆಲವು ತಿಂಗಳ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ಸಂಶೋಧಕ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಯೋಗವನ್ನು ಸಭೆಯೆದುರಿಗೇ ಮಾಡಿ ತೋರಿಸಿದಳು. ಬೀಕರಿನಲ್ಲಿ ಮೆಥಿಲೀನ್ ಬ್ಲೂ ಕರಗಿಸಿದ ನೀರು. ಅದಕ್ಕೆ ಹಳೆಯ ಸರ್ಕ್ಯೂಟ್ ಬೋರ್ಡಿನ ತಾಮ್ರದಿಂದ ತಯಾರಿಸಿದ ಚಿಟಿಕೆಯಷ್ಟು ಕಪ್ಪು ಪುಡಿ. ಮೇಲೆ ಒಂದಿಷ್ಟು ಅಪಕರ್ಷಕ ದ್ರವ್ಯ. ಕೆಲವೇ ನಿಮಿಷಗಳಲ್ಲಿ ಆ ಗಾಢ ನೀಲಿಯು ತಿಳಿಯಾಗಿ, ತಿಳಿಯಾದುದು ಬಿಳುಪಾಗಿ, ಬೀಕರಿನ ಹಿಂದೆ ಹಿಡಿದ ಕಾಗದದ ಅಕ್ಷರಗಳು ಸ್ಪಷ್ಟವಾಗಿ ಕಾಣತೊಡಗಿದುವು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಗುಜರಿಯ ಚೂರಿನಿಂದ ಇಂಥದೊಂದು ಶಕ್ತಿಯನ್ನು ಹೊರಡಿಸಿದ ಆ ಮಗುವಿನ ಬುದ್ಧಿಯೂ ತಾಳ್ಮೆಯೂ ನಿಜವಾಗಿ ಗೌರವಕ್ಕೆ ಅರ್ಹವಾದುವು. ಆದರೆ ಮನೆಗೆ ಮರಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅರುವತ್ತೈದು ವರ್ಷಗಳ ಹಿಂದಿನ ಅಜ್ಜನ ಧ್ವನಿಯೊಂದು ಕಿವಿಯಲ್ಲಿ ಮೊಳಗುತ್ತಲೇ ಇತ್ತು.

ನಮ್ಮ ಮನೆಯ ಹಿಂಬದಿಯ ಪಡಸಾಲೆಯಲ್ಲಿ ನೆಲಕ್ಕೆ ಅರ್ಧ ಹೂತ ನಾಲ್ಕು ಹರವಿಗಳಿದ್ದುವು. ಅವುಗಳಲ್ಲಿ ನೀಲಿ, ಸುಣ್ಣ, ಬೇಯಿಸಿದ ತಗಚಿ ಬೀಜಗಳನ್ನು ಕೂಡಿಸಿ ದಿನಗಟ್ಟಲೆ ಹುಳಿಯಲು ಬಿಡುತ್ತಿದ್ದರು. ಹದಕ್ಕೆ ಬಂದ ಹರವಿಯ ಮೇಲೆ ತಾಮ್ರದ ಹೊಳಪಿನ ನೀಲಿ ನೊರೆ ನಿಂತಿರುತ್ತಿತ್ತು. ನೊರೆಯನ್ನು ಸರಿಸಿದರೆ ಕೆಳಗೆ ನೀಲಿಯ ಸುಳಿವೇ ಇಲ್ಲದ, ಹಳದಿಗೂ ಹಸುರಿಗೂ ನಡುವಣ ಒಂದು ತಿಳಿ ದ್ರವ. ಅಜ್ಜ ನೂಲಿನ ಲಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಕೋಲಿಗೆ ಏರಿಸುತ್ತಿದ್ದ. ಲಡಿ ಹೊರಗೆ ಬಂದಾಗ ಒಣಹುಲ್ಲಿನ ಬಣ್ಣ. ನೋಡುತ್ತಿರುವಂತೆಯೇ ಅದು ಹಸುರಾಗಿ, ಹಸುರು ಕಪ್ಪಾಗಿ, ಕೊನೆಗೆ ನೀಲಿಯಾಗುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ನಾನು, ನೀಲಿಯೆಲ್ಲ ಎಲ್ಲಿಗೆ ಹೋಗಿತ್ತು ಅಜ್ಜಾ ಎಂದು ಕೇಳಿದ್ದೆ. "ಎಲ್ಲೂ ಹೋಗಿದ್ದಿಲ್ಲೋ ತಮ್ಮಾ, ಅಡಗಿ ಕುಂತಿತ್ತು. ಗಾಳಿ ಕುಡದ್ರ ತಾನ ಬರ್ತೈತಿ" ಎಂದು ಅಜ್ಜ ಹೇಳಿದ್ದ. ಅಕ್ಷರ ಬಾರದ ಆ ವೃದ್ಧನು ಅಂದು ನುಡಿದುದು ಅಪಕರ್ಷಣ ಉತ್ಕರ್ಷಣಗಳ ಪಾಠವೇ ಆಗಿತ್ತೆಂಬುದು ನನಗೆ ತಿಳಿದದ್ದು ಬಿ.ಎಸ್‌ಸಿ. ತರಗತಿಯಲ್ಲಿ.

ನಿಮ್ಮ ಪ್ರಯೋಗಶಾಲೆಗಳ ಪ್ರೀತಿಪಾತ್ರವಾದ ಮೆಥಿಲೀನ್ ಬ್ಲೂ ಕೂಡ ಇದೇ ಗುಣದ್ದು. ನಾನು ಪ್ರತಿವರ್ಷ ಮೊದಲನೆಯ ತರಗತಿಯಲ್ಲಿ ಮಕ್ಕಳಿಗೆ ತೋರಿಸುತ್ತಿದ್ದ ಪ್ರಯೋಗವೊಂದನ್ನು ನೀವೂ ಬಲ್ಲಿರಿ: ಸೀಸೆಯಲ್ಲಿ ಗ್ಲೂಕೋಸು, ಕಾಸ್ಟಿಕ್ ಸೋಡ, ಕೆಲವು ಹನಿ ಮೆಥಿಲೀನ್ ಬ್ಲೂ ಬೆರೆಸಿ ಸುಮ್ಮನೆ ಇಟ್ಟರೆ ನೀಲಿ ಮಾಯವಾಗುತ್ತದೆ, ಸೀಸೆಯನ್ನು ಒಮ್ಮೆ ಬಲವಾಗಿ ಕುಲುಕಿದರೆ ಗಾಳಿಯ ಆಮ್ಲಜನಕವು ಒಳಹೊಕ್ಕು ನೀಲಿ ಮರಳಿ ಬರುತ್ತದೆ. ನೀರಿನ ಬಣ್ಣ ಹೋಗುವುದಕ್ಕೂ ಬಣ್ಣದ ದ್ರವ್ಯ ಹೋಗುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗವನ್ನು ನಾನು ಕಾಣೆ. ಹೀಗಿರುವಾಗ ಬೀಕರಿನ ನೀರು ಬಿಳುಪಾದುದನ್ನೇ ಶುದ್ಧಿಯೆಂದು ಎಣಿಸಿ ನಾವು ಚಪ್ಪಾಳೆ ತಟ್ಟುವುದು ಹೇಗೆ?

ಮೆಥಿಲೀನ್ ಬ್ಲೂ ಅಡಗಿ ಕುಳಿತರೆ ಅಷ್ಟು ಹಾನಿಯಿಲ್ಲವೆನ್ನೋಣ. ಅಜೋ ಬಣ್ಣಗಳ ಸಂಗತಿ ಬೇರೆ. ಇಂದು ಬಟ್ಟೆಗೆ ಬಳಸುವ ಕೃತಕ ವರ್ಣಗಳಲ್ಲಿ ಬಹುಪಾಲು ಈ ವರ್ಗದವು. ಎರಡು ಸಾರಜನಕ ಪರಮಾಣುಗಳು ಕೈಹಿಡಿದು ನಿಂತಿರುವ ಆ ಬಂಧವೇ ಅವುಗಳ ಬಣ್ಣಕ್ಕೆ ಮೂಲ. ಬೋರೋಹೈಡ್ರೈಡೆಂಬ ಅಪಕರ್ಷಕವನ್ನು ಬೆರೆಸಿ ತಾಮ್ರದ ಕಣಗಳ ಸಹಾಯದಿಂದ ಆ ಕೈಗಳನ್ನು ಬಿಡಿಸಿದೊಡನೆ ಬಣ್ಣ ಹೋಗುತ್ತದೆ, ನಿಜ. ಆದರೆ ಬೇರ್ಪಟ್ಟ ಎರಡು ತುಂಡುಗಳು ಅಮೈನುಗಳಾಗಿ ನೀರಿನಲ್ಲಿಯೇ ಉಳಿಯುತ್ತವೆ. ನೀವು ಮಾದರಿಗೆಂದು ಬಳಸುವ ಕಾಂಗೋ ರೆಡ್ ಒಡೆದಾಗ ಹುಟ್ಟಬಲ್ಲ ಬೆಂಜಿಡೀನು ಮನುಷ್ಯನ ಮೂತ್ರಕೋಶದಲ್ಲಿ ಅರ್ಬುದವನ್ನು ಉಂಟುಮಾಡುವ ದ್ರವ್ಯ. ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಈ ರೋಗ ಹೆಚ್ಚೆಂಬುದನ್ನು ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲಿಯೇ ಲೋಕಕ್ಕೆ ತಿಳಿಸಿದ್ದನು; ನಮ್ಮ ದೇಶದಲ್ಲಿಯೂ ಬೆಂಜಿಡೀನು ಮೂಲದ ಬಣ್ಣಗಳನ್ನು ನಿಷೇಧಿಸಿ ಎಷ್ಟೋ ವರ್ಷಗಳಾದುವು. ಕೆಂಪು ನೀರನ್ನು ಕಂಡ ದನಗಾಹಿಯು ತನ್ನ ದನಗಳನ್ನು ಹಳ್ಳದಿಂದ ಆಚೆಗೆ ಹೊಡೆದುಕೊಂಡು ಹೋಗುತ್ತಾನೆ. ತಿಳಿಯಾಗಿ ಕಾಣುವ ಅಮೈನಿನ ನೀರಿಗೆ ಅವನೇ ದನಗಳನ್ನು ಇಳಿಸುತ್ತಾನೆ. ಬಣ್ಣವು ಬಡವನಿಗೆ ಒಂದು ಎಚ್ಚರಿಕೆಯಾಗಿಯಾದರೂ ಇತ್ತು. ವಿಷವನ್ನು ಉಳಿಸಿ ಆ ಎಚ್ಚರಿಕೆಯನ್ನು ಮಾತ್ರ ಅಳಿಸಿಬಿಡುವ ವಿದ್ಯೆಗೆ ಶುದ್ಧೀಕರಣವೆಂಬ ಹೆಸರು ಸಲ್ಲದು.

ಆದುದರಿಂದ ನಾನು ಈ ವಿದ್ಯೆಯನ್ನೇ ಅಲ್ಲಗಳೆಯುತ್ತಿದ್ದೇನೆಂದು ದಯಮಾಡಿ ಭಾವಿಸಬೇಡಿ. ಬೆಳಕಿನ ನೆರವಿನಿಂದ ವಸ್ತುವನ್ನು ಬುಡಮಟ್ಟ ಸುಡುವ ಮಾರ್ಗವೊಂದು ನಿಮ್ಮ ಕೈಯಲ್ಲಿಯೇ ಇದೆ. 1972ರಲ್ಲಿ ಜಪಾನಿನ ಫುಜಿಷಿಮ ಮತ್ತು ಹೋಂಡ ಎಂಬವರು ಟೈಟೇನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದಾಗ ನೀರು ವಿಭಜನೆಗೊಳ್ಳುವುದನ್ನು ಪ್ರಕಟಿಸಿದಂದಿನಿಂದ ಬೆಳೆದುಬಂದ ಆ ವಿದ್ಯೆಯಲ್ಲಿ, ಬೆಳಕಿನ ಪೆಟ್ಟಿಗೆ ಕಣದೊಳಗಿನ ಎಲೆಕ್ಟ್ರಾನು ತನ್ನ ಸ್ಥಾನದಿಂದ ಎದ್ದು ಅಲ್ಲಿ ಒಂದು ಬರಿದನ್ನು ಬಿಟ್ಟುಹೋಗುತ್ತದೆ. ಆ ಬರಿದು ನೀರನ್ನು ಹಿಡಿದು ಹೈಡ್ರಾಕ್ಸಿಲ್ ಎಂಬ ಉಗ್ರ ಕಣವನ್ನು ಹುಟ್ಟಿಸುತ್ತದೆ. ಆ ಕಣವು ಎದುರಿಗೆ ಸಿಕ್ಕ ಸಾವಯವ ಅಣುವನ್ನು ತುಂಡು ತುಂಡಾಗಿ ಕಡಿದು, ಸಾಕಷ್ಟು ಹೊತ್ತು ಸಿಕ್ಕಿದರೆ, ಇಂಗಾಲದ ಡೈಆಕ್ಸೈಡೂ ನೀರೂ ಆಗುವವರೆಗೆ ಬಿಡುವುದಿಲ್ಲ. ಕಣದ ಗಾತ್ರ ಇಲ್ಲಿ ಏಕೆ ಮುಖ್ಯವೆಂಬುದಕ್ಕೆ ಒಂದು ಲೆಕ್ಕ ಸಾಕು: ಸೆಂಟಿಮೀಟರು ಅಂಚಿನ ಒಂದು ಘನದ ಮೈ 6 ಚದರ ಸೆಂಟಿಮೀಟರು, ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರು. ಸಕ್ಕರೆಯ ಅಚ್ಚಿನಷ್ಟು ವಸ್ತುವಿನಲ್ಲಿ ಒಂದು ದೊಡ್ಡ ಕಣದಷ್ಟು ಅಂಗಳ! ರೈತರು ರಾಶಿ ಮಾಡುವ ಕಣ ನನ್ನ ಮನಸ್ಸಿನಲ್ಲಿರುವುದು. ಶಬ್ದವೊಂದೇ ಆದರೂ ಎರಡು ಕಣಗಳೂ ಇಲ್ಲಿ ಒಂದಕ್ಕೊಂದು ಸಲ್ಲುತ್ತವೆ.

ಇನ್ನು ಈ ಕಣಗಳಿಗೆ ಮೂಲವಾದ ಕಸದ ಮಾತು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಲೋಕವು ಹೊರಹಾಕಿದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ನೂರಕ್ಕೆ 22 ಪಾಲಿಗಿಂತ ತುಸು ಹೆಚ್ಚು. ಒಂದು ಸರ್ಕ್ಯೂಟ್ ಬೋರ್ಡಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ತಾಮ್ರವಿರುತ್ತದೆ. ಒಂದು ಕಾಲದಲ್ಲಿ ನಮ್ಮ ಚಿತ್ರದುರ್ಗದ ಇಂಗಳದಾಳದಲ್ಲಿ ಬೆಟ್ಟವನ್ನು ಕೊರೆದು ತೆಗೆಯುತ್ತಿದ್ದ ಲೋಹವೂ ಇದೇ. ತಾಮ್ರದ ಅದಿರೆಂದರೆ ನೂರಕ್ಕೆ ಒಂದೆರಡು ಪಾಲು ಲೋಹ ಸಿಕ್ಕಿದರೆ ಸಮೃದ್ಧಿಯೆಂದು ಎಣಿಸುವ ಲೋಕದಲ್ಲಿ, ನೂರಕ್ಕೆ ಇಪ್ಪತ್ತರ ಗಣಿಯೊಂದು ನಮ್ಮ ಮನೆಗಳ ಅಟ್ಟಗಳ ಮೇಲೆ ಬಿದ್ದುಕೊಂಡಿದೆ. ಆದರೆ ಆ ಗಣಿಯಲ್ಲಿ ತಾಮ್ರದೊಡನೆ ಬೆಸುಗೆಯ ಸೀಸವೂ ತವರವೂ, ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮೀನಿನ ಸಂಯುಕ್ತಗಳೂ ಇವೆ. ಬೆಂಗಳೂರಿನ ಗೌರಿಪಾಳ್ಯದ ಓಣಿಗಳಲ್ಲಿ ಇಂಥ ಬೋರ್ಡುಗಳನ್ನು ಬರಿಗೈಯಿಂದ ಬಿಚ್ಚಿ ಬೇರ್ಪಡಿಸಿ ಹೊಟ್ಟೆಹೊರೆಯುವವರಿದ್ದಾರೆ. ಅಲ್ಲಿಂದ ಬಹುದೂರವಿಲ್ಲದೆ, ನಾಯಂಡಹಳ್ಳಿಯ ಪಕ್ಕದಲ್ಲಿ ವೃಷಭಾವತಿ ಹರಿಯುತ್ತಾಳೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ಪೂಜಿಸಿದ ಆ ನದಿಯು ನಗರದ ಬಚ್ಚಲನ್ನೂ ಕಾರ್ಖಾನೆಗಳ ಕಷ್ಮಲವನ್ನೂ ಹೊತ್ತು, ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಇಳಿದು, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತಾಳೆ. ಗುಜರಿಯ ಆಮ್ಲವೂ ಬಣ್ಣದ ನೀರೂ ಒಂದೇ ಮೋರಿಯಲ್ಲಿ ಕೂಡುವ ನಾಡು ನಮ್ಮದು; ಒಂದರ ಔಷಧವನ್ನು ಇನ್ನೊಂದರಲ್ಲಿ ಹುಡುಕಬೇಕೆಂಬ ನಿಮ್ಮ ಆಲೋಚನೆ ನನಗೆ ಅತ್ಯಂತ ಸಹಜವಾಗಿ ಕಾಣುವುದು ಇದರಿಂದಲೇ.

ಆದರೆ ಔಷಧಕ್ಕೆ ತಗಲುವ ವೆಚ್ಚವನ್ನು ಪೂರ್ತಿಯಾಗಿ ಬರೆಯಿರಿ. ನಿಮ್ಮಲ್ಲಿ ಅನೇಕರ ಪ್ರಬಂಧಗಳನ್ನು ಓದಿದ್ದೇನೆ. ಅವುಗಳಲ್ಲಿ ತಾಮ್ರದ ತುಣುಕು ನೈಟ್ರಿಕ್ ಆಮ್ಲದಲ್ಲಿ ಕರಗುವ ವರ್ಣನೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ಒಂದು ವಾಕ್ಯದ ಒಳಗನ್ನು ನೋಡೋಣ. ಸಾರರಿಕ್ತ ಆಮ್ಲದಲ್ಲಿ ಒಂದು ಕಿಲೋ ತಾಮ್ರವನ್ನು ಕರಗಿಸಲು ಎರಡೂವರೆ ಕಿಲೋಗೂ ಹೆಚ್ಚು ಶುದ್ಧ ನೈಟ್ರಿಕ್ ಆಮ್ಲ ಬೇಕು. ಸಾರೀಕೃತ ಆಮ್ಲವಾದರೆ ಸುಮಾರು ನಾಲ್ಕು ಕಿಲೋ. ಕರಗುವಾಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ಶತ್ರು. ಬಳಿಕ ಆ ನೀಲಿ ದ್ರಾವಣಕ್ಕೆ ಕಾಸ್ಟಿಕ್ ಹಾಕಿದಾಗ, ತಿಳಿನೀಲಿಯ ಗಂಜಿಯಂತೆ ತಾಮ್ರದ ಹೈಡ್ರಾಕ್ಸೈಡು ತಳಕ್ಕಿಳಿಯುವುದೂ, ಅದನ್ನು ಕಾಯಿಸಿದಾಗ ಆ ನೀಲಿಯ ಗಂಜಿಯೇ ಮಸಿಯಂತೆ ಕಪ್ಪಾಗುವುದೂ ನೋಡಲು ಎಂಥ ಚೆಲುವು! ಆದರೆ ಕಪ್ಪು ಪುಡಿಯನ್ನು ಸೋಸಿ ತೆಗೆದುಕೊಂಡ ಮೇಲೆ ಪ್ರತಿ ಕಿಲೋ ತಾಮ್ರಕ್ಕೂ ಎರಡೂವರೆ ಕಿಲೋಗೂ ಮಿಕ್ಕಿದ ಸೋಡಿಯಂ ನೈಟ್ರೇಟು ಆ ಸೋಸಿದ ನೀರಿನಲ್ಲಿ ಉಳಿದಿರುತ್ತದೆ. ಅದು ಎಲ್ಲಿಗೆ ಹೋಯಿತು? ಬೋರ್ಡಿನಲ್ಲಿದ್ದ ಸೀಸ ಎಲ್ಲಿಗೆ ಹೋಯಿತು? ಪ್ರಯೋಗಶಾಲೆಯ ತೊಟ್ಟಿಯ ಕೊಳವೆಯ ಮೂಲಕ ಅವೂ ವೃಷಭಾವತಿಯನ್ನೇ ಸೇರಿದ್ದರೆ, ಒಂದು ಮೋರಿಯನ್ನು ತೊಳೆಯಲು ಇನ್ನೊಂದನ್ನು ಕೆಡಿಸಿದಂತಾಗಲಿಲ್ಲವೆ? ಗಾಳಿಯನ್ನು ಊದುತ್ತ ಅಮೋನಿಯದಲ್ಲಿ ಕರಗಿಸಿ, ಅದೇ ಅಮೋನಿಯವನ್ನು ಮತ್ತೆ ಮತ್ತೆ ಬಳಸುವ ದಾರಿಯುಂಟು. ಬೆಸುಗೆಯನ್ನು ಮೊದಲೇ ಕಾಯಿಸಿ ಬಿಡಿಸಿ ಸೀಸವನ್ನು ಪ್ರತ್ಯೇಕಿಸುವ ದಾರಿಯುಂಟು. ಇವು ನಿಧಾನದ ಮಾರ್ಗಗಳೆಂದು ಬಿಟ್ಟುಬಿಡಬೇಡಿ.

ನನ್ನ ಮುಖ್ಯವಾದ ಬಿನ್ನಹವನ್ನು ಈಗ ಹೇಳುತ್ತೇನೆ. ನಿಮ್ಮ ಬೀಕರಿನ ನೀರು ಬಟ್ಟಿ ಇಳಿಸಿದ ನೀರು. ಅದರಲ್ಲಿರುವುದು ಒಂದೇ ಬಣ್ಣ, ಅದೂ ಲೀಟರಿಗೆ ಹತ್ತೋ ಇಪ್ಪತ್ತೋ ಮಿಲಿಗ್ರಾಂ. ಇಳಕಲ್ಲಿನಲ್ಲಿ ಈಗ ಬಣ್ಣ ಹಾಕುವ ಕೆಲಸವನ್ನು ಮಾಡುತ್ತಿರುವ ನನ್ನ ತಮ್ಮನ ಮಗನ ಬಣ್ಣದ ಮನೆಗೆ ಬಂದು ನೋಡಿ. ಹತ್ತಿಯ ನೂಲಿಗೆ ಅವನು ಹಾಕುವ ರಿಯಾಕ್ಟಿವ್ ಬಣ್ಣವು ನೀರನ್ನು ಬಿಟ್ಟು ನೂಲಿಗೆ ಹತ್ತಲೆಂದು ಲೀಟರಿಗೆ ಐವತ್ತು ಗ್ರಾಂ, ಕಡುಬಣ್ಣವಾದರೆ ಅದಕ್ಕೂ ಹೆಚ್ಚು ಉಪ್ಪನ್ನು ಸುರಿಯುತ್ತಾನೆ. ಹತ್ತಿದ ಬಣ್ಣ ಗಟ್ಟಿಯಾಗಿ ನಿಲ್ಲಲೆಂದು ಸೋಡ ಹಾಕುತ್ತಾನೆ. ಇಷ್ಟಾದರೂ ಹಾಕಿದ ಬಣ್ಣದಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಪಾಲು ನೂಲಿಗೆ ಹತ್ತದೆ ತೊಳೆತದ ನೀರಿನೊಡನೆ ಹೊರಡುತ್ತದೆ. ಆ ನೀರು ಬಿಸಿ, ಕ್ಷಾರ, ಉಪ್ಪುಪ್ಪು, ಸಾಬೂನಿನ ನೊರೆಯಿಂದ ಕೂಡಿದುದು, ನೂಲಿನ ಎಳೆಗಳೂ ಗಂಜಿಯ ಶೇಷವೂ ತೇಲುವಂಥದು. ನಿಮ್ಮ ಹೈಡ್ರಾಕ್ಸಿಲ್ ಕಣವು ಬಣ್ಣದ ಅಣುವನ್ನು ಮುಟ್ಟುವುದಕ್ಕೆ ಮುಂಚೆಯೇ ಉಪ್ಪಿನ ಕ್ಲೋರೈಡೂ ಸೋಡದ ಕಾರ್ಬೋನೇಟೂ ಅದನ್ನು ಅಡ್ಡಗಟ್ಟಿ ನುಂಗಿಬಿಡುತ್ತವೆ. ಕಡುಬಣ್ಣದ ಆ ನೀರಿನಲ್ಲಿ ಬೆಳಕು ಬೆರಳು ಮುಳುಗುವಷ್ಟು ಆಳಕ್ಕೂ ಇಳಿಯುವುದಿಲ್ಲ. ನಿಮ್ಮಲ್ಲಿ ಕೆಲವರು ಸತ್ತ ಟಾರ್ಚ್ ಸೆಲ್ಲಿನ ಸತುವಿನಿಂದ ಮಾಡುವ ಸತುವಿನ ಆಕ್ಸೈಡಾದರೋ ಅತಿನೇರಳೆ ಕಿರಣವನ್ನು ಮಾತ್ರ ಉಣ್ಣಬಲ್ಲುದು. ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ಮೇಲಾಗಿ ಆ ಆಕ್ಸೈಡು ಆಮ್ಲದಲ್ಲಿಯೂ ಬಲವಾದ ಕ್ಷಾರದಲ್ಲಿಯೂ ತಾನೇ ಕರಗತೊಡಗುತ್ತದೆ.

ಕರಗಿದ ಲೋಹದ ಮಾತು ಬಂದುದರಿಂದ, ನೀರಿನಲ್ಲಿ ಉಳಿಯುವ ಲೋಹದ ಒಂದು ಚಿಕ್ಕ ಲೆಕ್ಕ. ಲೀಟರು ನೀರಿಗೆ ಒಂದು ಗ್ರಾಂ ತಾಮ್ರದ ಆಕ್ಸೈಡನ್ನು ಬೆರೆಸಿ, ಕೆಲಸವಾದ ಮೇಲೆ ಸೋಸಿ ತೆಗೆಯುತ್ತೀರಿ ಎಂದಿಟ್ಟುಕೊಳ್ಳಿ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮರಳಿ ಸಿಕ್ಕಿತೆಂದರೆ ಎಂಥವರೂ ಮೆಚ್ಚುತ್ತಾರೆ. ತಪ್ಪಿಸಿಕೊಂಡ ಒಂದು ಪಾಲೆಂದರೆ 10 ಮಿಲಿಗ್ರಾಂ, ಅದರಲ್ಲಿ ತಾಮ್ರ ಸುಮಾರು 8 ಮಿಲಿಗ್ರಾಂ. ಹೊಳೆ ಕೆರೆಗಳಿಗೆ ಬಿಡುವ ಕಾರ್ಖಾನೆಯ ನೀರಿನಲ್ಲಿ ತಾಮ್ರಕ್ಕೆ ನಮ್ಮ ಕಾನೂನು ವಿಧಿಸಿರುವ ಸಾಮಾನ್ಯ ಮಿತಿ ಲೀಟರಿಗೆ 3 ಮಿಲಿಗ್ರಾಂ. ಮೀನುಗಳಿಗಾದರೆ ಅದಕ್ಕಿಂತ ಎಷ್ಟೋ ಕಡಿಮೆಯೂ ಮಾರಕ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಪುಡಿಯನ್ನು ನೀರಿಗೆ ಚೆಲ್ಲದೆ ಹಂಚಿನ ಮೇಲೆಯೋ ಗಾಜಿನ ಮೇಲೆಯೋ ಕೂರಿಸಿ, ನೀರನ್ನು ಅದರ ಮೇಲೆ ತೆಳುವಾಗಿ ಹರಿಸಬಹುದು. ಕಬ್ಬಿಣದ ಆಕ್ಸೈಡಿನ ತಿರುಳಿಗೆ ಅಂಟಿಸಿ ಅಯಸ್ಕಾಂತದಿಂದ ಎಳೆದುಕೊಳ್ಳಬಹುದು. ಈ ಕಾರ್ಯದಲ್ಲಿ ತೊಡಗಿದವರು ನಿಮ್ಮಲ್ಲಿದ್ದಾರೆ. ಅವರ ಪ್ರಬಂಧಗಳಿಗೆ ಚಪ್ಪಾಳೆ ಕಡಿಮೆ, ಏಕೆಂದರೆ ಅವರ ನೀರು ಬೇಗ ಬಿಳುಪಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಅವರೇ ಮುಂದೆ ಹೋಗಿರುವವರು.

ಬಣ್ಣದ ಮನೆಗಳ ನೀರನ್ನು ಹೀಗೆಯೇ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನೆರೆನಾಡಿನ ತಿರುಪ್ಪೂರು ಸಾಕ್ಷಿ. ನೊಯ್ಯಲ್ ನದಿಗೆ ಒರತ್ತುಪಾಳೆಯಂನಲ್ಲಿ ರೈತರಿಗಾಗಿ ಕಟ್ಟಿದ ಅಣೆಕಟ್ಟು ಬಣ್ಣದ ನೀರಿನ ಮಡುವಾಯಿತು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಅಲ್ಲಿನ ನೂರಾರು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ದೊಡ್ಡವರು ಕೋಟಿಗಟ್ಟಲೆ ಸುರಿದು, ನೀರನ್ನು ಪೊರೆಗಳಿಂದ ಸೋಸಿ, ಉಳಿದುದನ್ನು ಕುದಿಸಿ ಇಂಗಿಸಿ, ಹನಿ ನೀರನ್ನೂ ಹೊರಗೆ ಬಿಡದ ಯಂತ್ರಗಳನ್ನು ಹೂಡಿದರು. ನಾಲ್ಕು ಹಂಡೆಗಳನ್ನಿಟ್ಟುಕೊಂಡು, ಮಗ್ಗದ ನೇಕಾರನಿಗೆ ಲಡಿಗೆ ಇಷ್ಟೆಂದು ಬಣ್ಣ ಹಾಕಿಕೊಡುವ ನಮ್ಮ ಇಳಕಲ್ಲಿನ, ಗುಳೇದಗುಡ್ಡದ, ರಬಕವಿ ಬನಹಟ್ಟಿಯ ಬಣ್ಣಗಾರ ಅಂಥ ಯಂತ್ರವನ್ನು ಕನಸಿನಲ್ಲಿಯೂ ಕಾಣಲಾರ. ಅವನಿಗೆ ಬೇಕಾದುದು ಬಿಸಿಲಿನಲ್ಲಿ ನಡೆಯುವ, ತಾನೇ ರಿಪೇರಿ ಮಾಡಿಕೊಳ್ಳಬಹುದಾದ, ತನ್ನ ಹಿತ್ತಿಲಲ್ಲಿ ಹಿಡಿಸುವ ಒಂದು ಸಾಧನ. ನಿಮ್ಮ ವಿದ್ಯೆ ಅದನ್ನು ಕೊಡಬಹುದೆಂಬ ಆಸೆಯೊಂದೇ ಈ ಪತ್ರದ ನಿಷ್ಠುರತೆಗೆ ಕಾರಣ. ಬೆಂಗಳೂರಿನ ಜಕ್ಕೂರಿನಲ್ಲಿ ಪ್ರೊಫೆಸರ್ ಸಿ.ಎನ್.ಆರ್. ರಾವ್ ಅವರು ಸಂಸ್ಥೆಯೊಂದನ್ನು ಕಟ್ಟಿ ನ್ಯಾನೋ ವಿಜ್ಞಾನಕ್ಕೆ ಲೋಕಮಾನ್ಯತೆ ತಂದ ನಾಡಿನಲ್ಲಿ ಇದು ಆಗದ ಮಾತೆಂದು ನಾನು ನಂಬಲಾರೆ.

ಹಾಗೆಯೇ ಗೌರಿಪಾಳ್ಯದವರನ್ನೂ ಮರೆಯಬೇಡಿ. ಎಲೆಕ್ಟ್ರಾನಿಕ್ ಕಸವನ್ನು ಕುರಿತು 2011ರಲ್ಲಿ, 2016ರಲ್ಲಿ, 2022ರಲ್ಲಿ ನಿಯಮಗಳಾದುವು. ತಯಾರಕರ ಹೊಣೆ ಹೆಚ್ಚಿತು. ಆದರೂ ಬೋರ್ಡು ಮೊದಲು ಸೇರುವುದು ಗುಜರಿಯವನ ಗೋಣಿಚೀಲವನ್ನೇ. ಯಾವ ಬೋರ್ಡಿನಲ್ಲಿ ತಾಮ್ರ ದಪ್ಪ, ಯಾವುದರಲ್ಲಿ ಬೆಸುಗೆ ಬೇಗ ಬಿಡುತ್ತದೆ ಎಂಬುದು ಮುಟ್ಟಿ ನೋಡಿಯೇ ಅವನಿಗೆ ಗೊತ್ತು. ನಮಗೆ ಉಪಕರಣ ಬೇಕು. ಅವನನ್ನು ಕೇಳಿ ತಿಳಿದುಕೊಳ್ಳಿ. ಕೇಳಿದ ಮೇಲೆ ಆಮ್ಲದ ಹೊಗೆಯ ವಿಷಯವನ್ನು ಅವನಿಗೂ ಹೇಳಿ.

ನಿಮ್ಮ ಫಲಿತಾಂಶದ ಪಟ್ಟಿಯಲ್ಲಿ ಬಣ್ಣ ಇಳಿದ ಶೇಕಡದ ಪಕ್ಕದಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟು ಇಳಿಯಿತು, ನೀರಿನಲ್ಲಿ ಲೋಹ ಎಷ್ಟು ಉಳಿಯಿತು, ಕತ್ತಲೆಯಲ್ಲಿಟ್ಟ ಬೀಕರಿನಲ್ಲಿ ಏನಾಯಿತು ಎಂಬ ಮೂರು ಅಂಕಣಗಳನ್ನು ಸೇರಿಸಿ. ಬೆಳಕನ್ನು ನೆಚ್ಚಿದ ಪ್ರಯೋಗದಲ್ಲಿ ಕತ್ತಲೆಯಲ್ಲಿಯೂ ಬಣ್ಣ ಇಳಿದಿದ್ದರೆ ಅದು ಬಹುಮಟ್ಟಿಗೆ ಸುಟ್ಟುಹೋದುದಲ್ಲ, ಪುಡಿಯ ಮೈಗೆ ಅಂಟಿ ಕುಳಿತದ್ದು.

ದೀಪಾವಳಿಯ ಮುಂಚಿನ ತಿಂಗಳಲ್ಲಿ ಸೀರೆಯ ಬೇಡಿಕೆ ಹೆಚ್ಚು. ಬಣ್ಣದ ಮನೆಯಲ್ಲಿ ಹಂಡೆ ಆರುವುದೇ ಇಲ್ಲ. ಆಗ ನಾನು ಇಳಕಲ್ಲಿನಲ್ಲಿರುತ್ತೇನೆ. ನಿಮ್ಮಲ್ಲಿ ಯಾರು ಬಂದರೂ ಊಟಕ್ಕೆ ರೊಟ್ಟಿ, ಇರಲು ನಮ್ಮ ಹಳೆಯ ಪಡಸಾಲೆ ಉಂಟು. ಅಜ್ಜನ ಹರವಿಗಳಲ್ಲಿ ಒಂದು ಈಗಲೂ ಅಲ್ಲಿಯೇ ಇದೆ, ಬರಿದಾಗಿ. ಬರುವಾಗ ಐದೈದು ಲೀಟರಿನ ಎರಡು ಕ್ಯಾನುಗಳನ್ನು ತನ್ನಿ. ಕೊನೆಯ ತೊಳೆತದ ತಿಳಿನೀರನ್ನಲ್ಲ, ಕೆಂಪು ಲಡಿಯ ಮೊದಲನೆಯ ತೊಳೆತದ ನೀರನ್ನೇ ತುಂಬಿಕೊಡಬೇಕೆಂದು ತಮ್ಮನ ಮಗನಿಗೆ ಹೇಳಿಟ್ಟಿದ್ದೇನೆ.

ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ